ಐಲೆನ್‌ಬುರ್ಗಿನ ಊಟದ ಪ್ರಾರ್ಥನೆ

ಅನ್ನವನ್ನು ಮುಟ್ಟುವ ಮುಂಚೆ ದೇವರಿಗೆ ಎರಡು ಮಾತಿನ ವಂದನೆ ಹೇಳುವ ಪದ್ಧತಿಯು ಕ್ರೈಸ್ತ ಗೃಹಗಳಲ್ಲಿ ಬಹು ಹಳೆಯದು. ಮಾರ್ಟಿನ್ ಲೂಥರನು 1529ರಲ್ಲಿ ಪ್ರಕಟಿಸಿದ ಕಿರಿಯ ಧರ್ಮಪ್ರಶ್ನೋತ್ತರದಲ್ಲಿ, ಮನೆಯ ಯಜಮಾನನು ತನ್ನವರಿಗೆ ಬೆಳಗ್ಗೆ, ರಾತ್ರಿ, ಊಟದ ಮೊದಲು, ಊಟದ ತರುವಾಯ ಹೇಗೆ ಪ್ರಾರ್ಥಿಸಲು ಕಲಿಸಬೇಕೆಂಬುದನ್ನು ವಿಧಿಸಿದನು. ಮನಸ್ಸಿಗೆ ಉಲ್ಲಾಸವಿರಲಿ ಇಲ್ಲದಿರಲಿ, ಸ್ನಾನಭೋಜನಗಳಂತೆ ಕೃತಜ್ಞತೆಯೂ ದಿನದಿನವೂ ನಡೆಯತಕ್ಕದ್ದೆಂಬುದೇ ಆ ವಿಧಿಯ ಅಭಿಪ್ರಾಯ. ಈ ಅಭ್ಯಾಸವು ಎಷ್ಟು ಭಾರವನ್ನು ಹೊರಬಲ್ಲುದೆಂಬುದನ್ನು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಒಂದು ಸಣ್ಣ ಊರಿನ ಚರಿತ್ರೆಯಲ್ಲಿ ಕಾಣಬಹುದು.

ಲೈಪ್‌ಜಿಗ್ ನಗರದ ಈಶಾನ್ಯಕ್ಕೆ, ಮುಲ್ಡೆ ನದಿಯ ದಡದಲ್ಲಿ, ಐಲೆನ್‌ಬುರ್ಗ್ ಎಂಬ ಊರಿದೆ. ಮಾರ್ಟಿನ್ ರಿಂಕಾರ್ಟನು 1586ರಲ್ಲಿ ಅಲ್ಲಿ ಪೀಪಾಯಿ ಮಾಡುವವನೊಬ್ಬನ ಮಗನಾಗಿ ಹುಟ್ಟಿದನು. ಲೈಪ್‌ಜಿಗಿನ ಸಂತ ಥಾಮಸರ ಶಾಲೆಯಲ್ಲಿ ಗಾಯಕವಿದ್ಯಾರ್ಥಿಯಾಗಿದ್ದನು. 1617ರಲ್ಲಿ ಹುಟ್ಟೂರಿಗೇ ಉಪದೇಶಕನಾಗಿ ಬಂದನು. ಮರುವರ್ಷವೇ ಮೂವತ್ತು ವರ್ಷಗಳ ಯುದ್ಧವು ಮೊದಲಾಯಿತು.

ಊರಿಗೆ ಕೋಟೆಗೋಡೆಯಿದ್ದುದರಿಂದ ಸುತ್ತಣ ಹಳ್ಳಿಗಳ ನಿರಾಶ್ರಿತರು ಒಳಗೆ ಬಂದು ತುಂಬಿದರು. ಜನರ ಬೆನ್ನಿಗೇ 1637ರಲ್ಲಿ ಪ್ಲೇಗು ಬಂದಿತು. ಹಿರಿಯ ಧರ್ಮಾಧಿಕಾರಿಯು ಹವೆ ಬದಲಾಯಿಸುವ ನೆವದಿಂದ ಹೊರಟವನು ಎಷ್ಟು ಕರೆದರೂ ಹಿಂದಿರುಗಲಿಲ್ಲ. ಊರಿನ ಉಳಿದ ಇಬ್ಬರು ಉಪದೇಶಕರು ಸತ್ತರು. ಅವರನ್ನು ಮಣ್ಣುಮಾಡಿದವನು ರಿಂಕಾರ್ಟನೇ. ಆ ಮೇಲೆ ದಿನಕ್ಕೆ 40–50 ಶವಗಳ ಉತ್ತರಕ್ರಿಯೆ ಅವನೊಬ್ಬನ ಪಾಲಿಗೆ ಬಿದ್ದಿತು. ಒಟ್ಟು ಸುಮಾರು 4,480. ಕಡೆಕಡೆಗೆ ಮಂತ್ರವಿಲ್ಲ, ಪ್ರಾರ್ಥನೆಯಿಲ್ಲ, ಕಂದಕ ತೋಡಿ ಹೆಣಗಳನ್ನು ಹೂಳಿದರು. ಸತ್ತವರು ಸುಮಾರು 8,000. ಮೇ ತಿಂಗಳಲ್ಲಿ ಅವನ ಹೆಂಡತಿಯೂ ಹೋದಳು.

ರೋಗದ ಹಿಂದೆ ಕ್ಷಾಮ. ಸತ್ತ ಬೆಕ್ಕಿಗಾಗಿ, ಕಾಗೆಗಾಗಿ, ಮೂವತ್ತು ನಾಲ್ವತ್ತು ಮಂದಿ ಬೀದಿಯಲ್ಲಿ ಹೊಡೆದಾಡುತ್ತಿದ್ದರು. ರಿಂಕಾರ್ಟನು ತನ್ನ ಸಂಸಾರದ ಪ್ರಾಣಧಾರಣೆಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಹಂಚಿದನು. ಮುಂದಿನ ಕೆಲವು ವರ್ಷಗಳ ವರಮಾನವನ್ನೂ ಒತ್ತೆಯಿಟ್ಟನು. 1639ರಲ್ಲಿ ಸ್ವೀಡಿಷ್ ಸೇನೆಯು 30,000 ಥಾಲರುಗಳ ದಂಡವನ್ನು ಕೇಳಿತು. ಸೇನಾಧಿಕಾರಿಯಲ್ಲಿ ಮೊರೆಯಿಟ್ಟು ವಿಫಲನಾದ ರಿಂಕಾರ್ಟನು ಜನರೊಡನೆ ಮೊಣಕಾಲೂರಿ ಪ್ರಾರ್ಥಿಸಿದನೆಂದೂ, ದಂಡವು ಕೊನೆಗೆ 2,000 ಫ್ಲಾರಿನುಗಳಿಗೆ ಇಳಿಯಿತೆಂದೂ ಹೇಳುತ್ತಾರೆ.

ಇಂಥವನು ರಚಿಸಿದ ಕೀರ್ತನೆಯೇ ‘ನುನ್ ಡಾಂಕೆಟ್ ಆಲ್ಲೆ ಗಾಟ್’. ದೇವರಿಗೆ ಎಲ್ಲರೂ ವಂದಿಸಬೇಕೆಂಬುದೇ ಅದರ ವಿಷಯ. 1648ರ ಶಾಂತಿಸಂಧಿಯ ಉತ್ಸವಕ್ಕೆಂದು ಇದು ಹುಟ್ಟಿತೆಂಬ ಕಥೆಯುಂಟು. ಕಥೆ ಸೊಗಸಾಗಿದೆ, ಆದರೆ ನಿಲ್ಲಲಾರದು: ಯೋಹಾನ್ ಕ್ರೂಗರನ ಕೀರ್ತನಸಂಗ್ರಹದಲ್ಲಿ ಅದು 1647ರಲ್ಲಿಯೇ ರಾಗಸಹಿತ ಅಚ್ಚಾಗಿತ್ತು. ರಿಂಕಾರ್ಟನ ಸ್ವಂತ ಪುಸ್ತಕದಲ್ಲಿ ಅದಕ್ಕಿರುವ ಶಿರೋನಾಮೆಯು ಊಟದ ಕಿರುಪ್ರಾರ್ಥನೆ ಎಂದು. ಮೊದಲಿನ ಎರಡು ಪದ್ಯಗಳು ಸೀರಾಖನ ಗ್ರಂಥದ 50ನೆಯ ಅಧ್ಯಾಯವನ್ನು ಅನುಸರಿಸಿವೆ, ಮೂರನೆಯದು ತ್ರಿತ್ವಸ್ತುತಿ. ಪ್ಲೇಗು ಬರುವ ಮುಂಚೆಯೇ, 1636ರ ಹೊತ್ತಿಗೆ, ಅದು ಸಿದ್ಧವಾಗಿತ್ತೆಂದು ವಿದ್ವಾಂಸರು ಎಣಿಸುತ್ತಾರೆ. ಹಾಗಿದ್ದರೆ ತಾಯಿಯ ಜೊತೆಯಲ್ಲಿ ಕಲಿತ ಮಾತನ್ನೇ ಆ ಮನೆಯ ಮಕ್ಕಳು ಆಕೆಯಿಲ್ಲದ ಮೇಜಿನ ಸುತ್ತ, ಅರೆಹೊಟ್ಟೆಯ ರೊಟ್ಟಿಯೆದುರಿಗೆ, ಮತ್ತೆ ಹೇಳಬೇಕಾಗಿದ್ದಿರಬೇಕು. ಸಂಧಿಯ ಕಥೆಗಿಂತ ಇದು ಹೆಚ್ಚು ಕಠಿನವಾದ ಸಂಗತಿ.

ಮುಂದೆ ಆ ಪ್ರಾರ್ಥನೆ ಮನೆಯ ಹೊಸಲನ್ನು ದಾಟಿ ಬಹುದೂರ ಹೋಯಿತು. ರಿಂಕಾರ್ಟನು ಹಾಡಿದ್ದ ಶಾಲೆಗೇ 1723ರಲ್ಲಿ ಸಂಗೀತಾಚಾರ್ಯನಾಗಿ ಬಂದ ಬಾಖನು 1725ರಲ್ಲಿ ಅದನ್ನು ತನ್ನ ಕೃತಿಯೊಂದರಲ್ಲಿ ಅಳವಡಿಸಿದನು. 1757ರಲ್ಲಿ ಲಾಯ್ಟೆನ್ ಕಾಳಗವನ್ನು ಗೆದ್ದ ಪ್ರಷ್ಯದ ಸೈನಿಕರು ರಾತ್ರಿ ರಣಭೂಮಿಯಲ್ಲೇ ಅದನ್ನು ಹಾಡಿದರೆಂದು ಪ್ರತೀತಿ. ಅಂದಿನಿಂದ ಜರ್ಮನರಲ್ಲಿ ಅದು ವಿಜಯಗೀತವೆಂದೇ ಹೆಸರಾಯಿತು. ರೊಟ್ಟಿಗಾಗಿ ಬರೆದುದನ್ನು ರಾಜರು ಗೆಲವಿಗಾಗಿ ಎತ್ತಿಕೊಂಡದ್ದು ವಿಚಿತ್ರವೇ ಸರಿ. ಅದಾವುದನ್ನೂ ಕರ್ತನು ಕಾಣಲಿಲ್ಲ. ಯುದ್ಧ ಮುಗಿದ ಮರುವರ್ಷ, 1649ರ ಡಿಸೆಂಬರಿನಲ್ಲಿ, ಅವನು ಐಲೆನ್‌ಬುರ್ಗಿನಲ್ಲಿಯೇ ತೀರಿಕೊಂಡನು.