ಗೇಣಿದಾರರ ಊರು, ಶಾಸನಸಭೆಯ ಬಾಗಿಲು: ಸಾಗರ ಕ್ಷೇತ್ರದ ಪ್ರಾತಿನಿಧ್ಯದ ಚರಿತ್ರೆ

1952ರ ಮೊದಲ ಸಾರ್ವತ್ರಿಕ ಚುನಾವಣೆಯ ಫಲಿತಾಂಶಗಳಲ್ಲಿ ಶಿವಮೊಗ್ಗ ಜಿಲ್ಲೆಗೆ ಸಂಬಂಧಿಸಿದ ಎರಡು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದವರು ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್. ಸಾಗರ-ಹೊಸನಗರ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದವರು ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು. ಮೊದಲನೆಯವರು ಸಾಗರ ತಾಲ್ಲೂಕಿನ ಕಾಗೋಡು ಗ್ರಾಮದ ಭೂಮಾಲೀಕರು. ಎರಡನೆಯವರು ಅದೇ ಗ್ರಾಮದ ಗೇಣಿದಾರರ ಪರವಾಗಿ ಹಿಂದಿನ ವರ್ಷವಷ್ಟೇ ಹೋರಾಡಿದವರು. ಒಂದೇ ಹೊಲದ ಎರಡು ಕಡೆಯವರನ್ನು ಒಂದೇ ಚುನಾವಣೆ ಎರಡು ಸದನಗಳಿಗೆ ಕಳುಹಿಸಿತು. ಲೋಕಸಭಾ ಕ್ಷೇತ್ರದ ವಿಸ್ತಾರ ದೊಡ್ಡದು, ಅಲ್ಲಿನ ಫಲಿತಾಂಶವನ್ನು ಸಾಗರದ ಮತದಾರರೇ ನಿರ್ಧರಿಸಿದರೆಂದು ಹೇಳಲಾಗದು ಎಂಬುದು ನಿಜ. ಆದರೂ ಸಾಗರ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ಇಲ್ಲಿಂದಲೇ ಓದಲು ತೊಡಗಬೇಕು. ಏಕೆಂದರೆ ಮುಂದಿನ ಏಳು ದಶಕಗಳಲ್ಲಿ ಈ ಕ್ಷೇತ್ರ ಕೇಳುತ್ತ ಬಂದ ಪ್ರಶ್ನೆ ಒಂದೇ: ಉಳುವವನ ಹೆಸರು ದಾಖಲೆಯಲ್ಲಿ ಇದೆಯೇ, ಇಲ್ಲವೇ?

ಕಾಗೋಡು ಸತ್ಯಾಗ್ರಹದ ಮೂಲ ಒಂದು ಅಳತೆಯ ಪಾತ್ರೆಯಲ್ಲಿದೆ. ಗೇಣಿಯನ್ನು ಭತ್ತದ ರೂಪದಲ್ಲಿ ಕೊಳಗದಿಂದ ಅಳೆದು ಕೊಡಬೇಕಿತ್ತು. ಆ ಕೊಳಗ ಎಷ್ಟು ಸೇರಿನದು ಎಂಬುದೇ ವಿವಾದ. ಗೇಣಿ ಪಡೆಯುವಾಗ ಬಳಸುವ ಕೊಳಗ ದೊಡ್ಡದೆಂಬುದು ಗೇಣಿದಾರರ ದೂರು. ಸರಿಯಾದ ಅಳತೆಯಲ್ಲಿ ಗೇಣಿ ಪಡೆಯಬೇಕು, ಕೊಟ್ಟ ಗೇಣಿಗೆ ರಶೀದಿ ಕೊಡಬೇಕು ಎಂಬುದು ಅವರ ಬೇಡಿಕೆ. ಗೇಣಿದಾರರಲ್ಲಿ ಬಹುಪಾಲು ದೀವರು. ಎಚ್. ಗಣಪತಿಯಪ್ಪನವರು 1948ರಲ್ಲಿ ಕಟ್ಟಿದ ಸಾಗರ ತಾಲ್ಲೂಕು ರೈತ ಸಂಘ ಅವರಿಗೆ ಸಂಘಟನೆಯ ರುಚಿಯನ್ನು ತೋರಿಸಿತ್ತು. ಬೇಡಿಕೆ ಇಟ್ಟವರಿಗೆ ಭೂಮಿ ತಪ್ಪಿತು. 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗಳಿಗೇ ಇಳಿದು ಬಂಧನಕ್ಕೊಳಗಾಗತೊಡಗಿದರು. ಸಮಾಜವಾದಿ ಪಕ್ಷ ಹೋರಾಟವನ್ನು ಕೈಗೆತ್ತಿಕೊಂಡಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಸ್ವತಃ ಬಂದು ಸೆರೆಯಾದ ಮೇಲೆ, ಜಿಲ್ಲೆಯ ಹೊರಗೆ ಯಾರೂ ಕೇಳಿರದಿದ್ದ ಈ ಹಳ್ಳಿಯ ಹೆಸರು ದೇಶಕ್ಕೆ ತಿಳಿಯಿತು.

ಸತ್ಯಾಗ್ರಹದ ಶ್ರೇಯಸ್ಸು ರೈತ ಸಂಘದ್ದೋ ಸಮಾಜವಾದಿಗಳದ್ದೋ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ನನಗೆ ಆ ಚರ್ಚೆ ಅಷ್ಟು ಫಲಪ್ರದವಾಗಿ ಕಂಡಿಲ್ಲ. ಸಂಘವಿಲ್ಲದೆ ಹೋರಾಟ ಹುಟ್ಟುತ್ತಿರಲಿಲ್ಲ, ಪಕ್ಷವಿಲ್ಲದೆ ಅದು ಶಾಸನಸಭೆಯ ಬಾಗಿಲನ್ನು ಅಷ್ಟು ಬೇಗ ತಲುಪುತ್ತಿರಲಿಲ್ಲ. ಸತ್ಯಾಗ್ರಹ ತನ್ನ ತಕ್ಷಣದ ಗುರಿಯಲ್ಲಿ ಗೆದ್ದಿತೆಂದು ಹೇಳುವಂತಿಲ್ಲ; ಅನೇಕರಿಗೆ ಗದ್ದೆ ಮರಳಲಿಲ್ಲ. ಆ ಸೋಲಿನ ಬೆನ್ನಿಗೇ ಚುನಾವಣೆ ಬಂದಿತು ಎಂಬುದು ಮುಖ್ಯ.

ಆಗ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಪ್ರತ್ಯೇಕ ಮತಪೆಟ್ಟಿಗೆ. ಅದರ ಮೇಲೆ ಪಕ್ಷದ ಚಿಹ್ನೆ. ಅಕ್ಷರ ಬಾರದ ಮತದಾರನು ಚಿಹ್ನೆ ನೋಡಿ ಚೀಟಿ ಹಾಕಬೇಕು. ಕಾಂಗ್ರೆಸ್ಸಿನ ಪೆಟ್ಟಿಗೆಯ ಮೇಲೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳ ಪೆಟ್ಟಿಗೆಯ ಮೇಲೆ ಮರ. ನೇಗಿಲು ಹಿಡಿದು ಜೈಲಿಗೆ ಹೋಗಿ ಬಂದ ಗೇಣಿದಾರನು ಜೋಡೆತ್ತಿನ ಪೆಟ್ಟಿಗೆಯನ್ನು ಬಿಟ್ಟು ಮರದ ಪೆಟ್ಟಿಗೆಯನ್ನು ಹುಡುಕಬೇಕಾಯಿತು. ಈ ಸಣ್ಣ ವಿವರವನ್ನು ರಾಜಕೀಯ ಚರಿತ್ರೆಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಚುನಾವಣಾ ಖರ್ಚಿಗೆ ಜನರ ಬಳಿಯೇ ಹಣ ಕೇಳುವ ‘ಒಂದು ಓಟು, ಒಂದು ನೋಟು’ ಎಂಬ ಮಾತು ಗೋಪಾಲಗೌಡರ ಹೆಸರಿನೊಡನೆಯೇ ಉಳಿದುಬಂದಿದೆ. 99 ಸ್ಥಾನಗಳ ಆ ವಿಧಾನಸಭೆಯಲ್ಲಿ ಸಮಾಜವಾದಿಗಳು ಬೆರಳೆಣಿಕೆಯಷ್ಟು. ಗೋಪಾಲಗೌಡರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ.

ಅವರು ತೀರ್ಥಹಳ್ಳಿ ಸೀಮೆಯವರು, ಸಾಗರದವರಲ್ಲ. ಅವರಿಗೂ ಕ್ಷೇತ್ರಕ್ಕೂ ಇದ್ದ ಸಂಬಂಧ ಹುಟ್ಟಿನದಲ್ಲ, ಹೋರಾಟದ್ದು. 1957ರಲ್ಲಿ ಅವರು ಸೋತರು. ಮುಂದೆ 1962 ಮತ್ತು 1967ರಲ್ಲಿ ಗೆದ್ದು ಸದನಕ್ಕೆ ಮರಳಿದ್ದು ತೀರ್ಥಹಳ್ಳಿಯಿಂದ. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡನಲ್ಲಿ ಗೋಪಾಲಗೌಡರ ಬದುಕಿನ ಛಾಯೆಯಿರುವುದನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲರು. ಆದರೆ ಕಾದಂಬರಿಯ ಮೂಲಕವೇ ಅವರನ್ನು ಅರಿತವರಿಗೆ ಒಂದು ತೊಡಕಿದೆ. ಕಾದಂಬರಿಗೆ ಬೇಕಾದದ್ದು ನಾಯಕನ ಒಳಗಿನ ತಳಮಳ. ಅವನನ್ನು ಆರಿಸಿದ ಮತದಾರರಿಗೆ ಏನಾಯಿತು ಎಂಬುದು ಅದರ ಕಾಳಜಿಯಲ್ಲ, ಆಗಬೇಕಾಗಿಯೂ ಇಲ್ಲ. ಕ್ಷೇತ್ರದ ಚರಿತ್ರೆ ಬರೆಯುವವನು ಮಾತ್ರ ಆ ಮತದಾರರ ಬಳಿಗೆ ಹಿಂತಿರುಗಬೇಕಾಗುತ್ತದೆ.

ಹಾಗೆ ಹಿಂತಿರುಗಿದಾಗ ಎದುರಾಗುವುದು 1972. ಆ ವರ್ಷ ಸಾಗರದಿಂದ ಸಮಾಜವಾದಿಯಾಗಿ ಆಯ್ಕೆಯಾದವರು ಕಾಗೋಡು ತಿಮ್ಮಪ್ಪ. ಊರಿನ ಹೆಸರನ್ನೇ ಹೊತ್ತ, ಗೇಣಿದಾರ ದೀವರ ಸಮುದಾಯದಲ್ಲಿ ಹುಟ್ಟಿ ವಕೀಲಿಕೆ ಓದಿದ ವ್ಯಕ್ತಿ. ಅದೇ ಚುನಾವಣೆಯಲ್ಲಿ ನೆರೆಯ ಸೊರಬದಿಂದ ಎಸ್. ಬಂಗಾರಪ್ಪ, ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ ಸಮಾಜವಾದಿಗಳಾಗಿಯೇ ಗೆದ್ದರು. ಮಲೆನಾಡಿನ ಅಕ್ಕಪಕ್ಕದ ಈ ಮೂರು ಕ್ಷೇತ್ರಗಳು ಇಂದಿರಾ ಕಾಂಗ್ರೆಸ್ಸಿನ ಮಹಾಪೂರದಲ್ಲಿ ದ್ವೀಪಗಳಂತೆ ನಿಂತವು. ಆ ಜೂನ್‌ನಲ್ಲಿ ಗೋಪಾಲಗೌಡರು ನಲವತ್ತೊಂಬತ್ತರ ಪ್ರಾಯದಲ್ಲಿ ತೀರಿಕೊಂಡರು.

ಗೇಣಿದಾರರ ಪರವಾಗಿ ಮಾತನಾಡುವವರು 1952ರಲ್ಲಿ ಸದನಕ್ಕೆ ಹೋದರು. ಗೇಣಿದಾರರ ನಡುವಿನಿಂದಲೇ ಒಬ್ಬರು ಅಲ್ಲಿಗೆ ಹೋಗಲು ಮತ್ತೆ ಇಪ್ಪತ್ತು ವರ್ಷ ಬೇಕಾಯಿತು. ಈ ಇಪ್ಪತ್ತು ವರ್ಷಗಳ ಅಂತರವೇ ಸಾಗರ ಕ್ಷೇತ್ರದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಅರ್ಥಪೂರ್ಣವಾದದ್ದೆಂದು ನಾನು ಭಾವಿಸುತ್ತೇನೆ. ವಯಸ್ಕ ಮತದಾನ ಒಂದೇ ದಿನದಲ್ಲಿ ಎಲ್ಲರಿಗೂ ಬಂದಿತು. ಆದರೆ ಮತ ಕೇಳುವ ಸ್ಥಾನಕ್ಕೆ ಏರಲು ಓದು ಬೇಕು, ಜಿಲ್ಲಾ ಕೇಂದ್ರದ ಒಡನಾಟ ಬೇಕು, ಊರಿನ ದೊಡ್ಡವರ ಎದುರು ಕುರ್ಚಿಯಲ್ಲಿ ಕೂರುವ ಧೈರ್ಯ ಬೇಕು. ಇವು ಒಂದು ತಲೆಮಾರು ಕಳೆಯದೆ ಬರುವುದಿಲ್ಲ.

ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ಈ ಸದನದ ಅವಧಿಯಲ್ಲೇ. ಗೇಣಿ ಭೂಮಿ ಸರ್ಕಾರದಲ್ಲಿ ನಿಹಿತವಾಗಿ, ನಮೂನೆ 7ರಲ್ಲಿ ಅರ್ಜಿ ಹಾಕಿದ ಗೇಣಿದಾರನಿಗೆ ಭೂನ್ಯಾಯಮಂಡಳಿಯ ಮೂಲಕ ಅಧಿಭೋಗದ ಹಕ್ಕು ದೊರೆಯುವ ವ್ಯವಸ್ಥೆ ಅದು. ಮಲೆನಾಡಿನಲ್ಲಿ ಜನ ಇದನ್ನು ‘ಡಿಕ್ಲರೇಷನ್ ಹಾಕುವುದು’ ಎನ್ನುತ್ತಿದ್ದರು. ಕೊಳಗದ ಅಳತೆ ಕೇಳಿದವರ ಮಕ್ಕಳಿಗೆ ಪಹಣಿಯಲ್ಲಿ ಹೆಸರು ಬಂದಿತು. ಈ ಕಾನೂನನ್ನು ತಂದದ್ದು ಸಮಾಜವಾದಿಗಳಲ್ಲ, ಅವರು ಎರಡು ದಶಕ ವಿರೋಧಿಸಿದ ಕಾಂಗ್ರೆಸ್. 1978ರಲ್ಲಿ ಸಾಗರದಿಂದ ಗೆದ್ದವರು ಕಾಂಗ್ರೆಸ್ಸಿನ ಎಲ್.ಟಿ. ತಿಮ್ಮಪ್ಪ ಹೆಗಡೆ. ಕಾಗೋಡು ತಿಮ್ಮಪ್ಪನವರೂ ಮುಂದೆ ಕಾಂಗ್ರೆಸ್ ಸೇರಿದರು. 1989, 1994, 1999ರಲ್ಲಿ ಅದೇ ಪಕ್ಷದಿಂದ ಸಾಗರವನ್ನು ಪ್ರತಿನಿಧಿಸಿದರು. ಇದನ್ನು ಕೇವಲ ಪಕ್ಷಾಂತರವೆಂದು ತಳ್ಳಿಹಾಕುವುದು ಸುಲಭ. ತಮ್ಮ ಬೇಡಿಕೆಯನ್ನು ಎದುರು ಪಕ್ಷವೇ ಕಾನೂನು ಮಾಡಿದ ಮೇಲೆ ಒಂದು ಚಳವಳಿಗೆ ಉಳಿಯುವ ದಾರಿಗಳೇನು ಎಂಬ ಕಷ್ಟದ ಪ್ರಶ್ನೆಯನ್ನು ಅಂಥ ತೀರ್ಪು ಬಿಟ್ಟುಬಿಡುತ್ತದೆ.

ಕಾನೂನು ಎಲ್ಲರನ್ನೂ ಮುಟ್ಟಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ನಾ. ಡಿಸೋಜರ ಕಥನಲೋಕ ಬಹುಮಟ್ಟಿಗೆ ಈ ಮುಳುಗಡೆಯಿಂದಲೇ ಮೂಡಿಬಂದದ್ದು. ನೀರು ಕಂಡಲ್ಲಿ, ಕಾಡಂಚು ಕಂಡಲ್ಲಿ ನೆಲೆನಿಂತ ಸಂತ್ರಸ್ತರು ಸಾಗುವಳಿ ಮಾಡಿದ ನೆಲ ದಾಖಲೆಯಲ್ಲಿ ಅರಣ್ಯ. ಅವರಿಗೆ ಒಡೆಯನಿರಲಿಲ್ಲ, ಆದ್ದರಿಂದ ಅವರು ಗೇಣಿದಾರರೂ ಅಲ್ಲ. ನಮೂನೆ 7 ಅವರಿಗೆ ಸಲ್ಲುವ ಕಾಗದವಲ್ಲ. ಬಗರ್ ಹುಕುಂ ಸಾಗುವಳಿದಾರರ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಹೀಗೆ ಎಂಬತ್ತರ ದಶಕದಿಂದೀಚೆಗೆ ಕ್ಷೇತ್ರದ ಭಾಷೆಯಲ್ಲಿ ‘ಗೇಣಿ’ ಎಂಬ ಮಾತು ಸರಿದು ‘ಹಕ್ಕುಪತ್ರ’ ಎಂಬ ಮಾತು ಬಂದಿತು. ಎದುರಾಳಿಯೂ ಬದಲಾದ. ಮೊದಲು ಊರಿನ ಒಡೆಯ, ಈಗ ಅರಣ್ಯ ಇಲಾಖೆ ಮತ್ತು ತಾಲ್ಲೂಕು ಕಚೇರಿ.

2004ರಲ್ಲಿ ಕಾಗೋಡು ತಿಮ್ಮಪ್ಪನವರನ್ನು ಸೋಲಿಸಿದವರು ಭಾರತೀಯ ಜನತಾ ಪಕ್ಷದ ಬೇಳೂರು ಗೋಪಾಲಕೃಷ್ಣ, ಅವರ ಸೋದರಳಿಯನೇ. 2008ರಲ್ಲಿಯೂ ಅದೇ ಫಲಿತಾಂಶ. ಗೇಣಿದಾರ ಸಮುದಾಯದ ರಾಜಕೀಯ ಒಂದೇ ಪೆಟ್ಟಿಗೆಗೆ ಸೇರಿದ್ದ ಕಾಲ ಮುಗಿದು, ಒಂದೇ ಬಂಧುವರ್ಗದೊಳಗೆ ಎರಡು ಪಕ್ಷಗಳು ನಿಲ್ಲುವ ಕಾಲ ಬಂದಿತ್ತು. ಇದನ್ನು ಅವನತಿಯೆಂದು ಹಲುಬುವವರಿದ್ದಾರೆ. ಯಾವ ಸಮುದಾಯಕ್ಕೆ 1952ರಲ್ಲಿ ಒಬ್ಬ ಅಭ್ಯರ್ಥಿಯನ್ನು ನಿಲ್ಲಿಸುವುದೂ ಆಗಿರಲಿಲ್ಲವೋ ಅದು ಅರ್ಧ ಶತಮಾನದ ನಂತರ ಎರಡು ಪಕ್ಷಗಳಿಗೂ ಅಭ್ಯರ್ಥಿಗಳನ್ನು ಕೊಟ್ಟಿತೆಂಬುದನ್ನು ಅವರು ಮರೆಯುತ್ತಾರೆ. ಇದೇ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರ ರದ್ದಾಗಿ, ಆ ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿಗಳ ನಡುವೆ ಹಂಚಿಹೋಯಿತು. 1952ರಲ್ಲಿ ಜೊತೆಗಿದ್ದ ಹೊಸನಗರದ ಒಂದು ಭಾಗ ಹೀಗೆ ಮತ್ತೆ ಸಾಗರಕ್ಕೆ ಸೇರಿತು.

2013ರಲ್ಲಿ ಐದನೆಯ ಬಾರಿಗೆ ಗೆದ್ದ ತಿಮ್ಮಪ್ಪನವರು ಮೊದಲು ವಿಧಾನಸಭೆಯ ಅಧ್ಯಕ್ಷರಾದರು, 2016ರಲ್ಲಿ ಕಂದಾಯ ಸಚಿವರಾದರು. ಕಾಗೋಡಿನ ಗೇಣಿದಾರರ ನಡುವಿನಿಂದ ಬಂದವರ ಕೈಗೆ ರಾಜ್ಯದ ಭೂದಾಖಲೆಗಳ ಇಲಾಖೆ ಬಂದಿತು. ತಾಂಡಾ, ಹಟ್ಟಿ, ಹಾಡಿಗಳಂಥ ದಾಖಲೆಯಿಲ್ಲದ ಜನವಸತಿಗಳಲ್ಲಿ ವಾಸಿಸುವವರಿಗೆ ಮನೆಯ ಒಡೆತನ ಕೊಡುವ, ‘ವಾಸಿಸುವವನೇ ಮನೆಯೊಡೆಯ’ ಎಂದು ಹೆಸರಾದ ಭೂಸುಧಾರಣಾ ತಿದ್ದುಪಡಿ ಅವರ ಅವಧಿಯದು. ಆದರೂ 2018ರಲ್ಲಿ ಅವರು ಭಾಜಪದ ಹರತಾಳು ಹಾಲಪ್ಪನವರೆದುರು ಸೋತರು. ಆಗ ಅವರ ಬೆನ್ನಿಗಿದ್ದವರಲ್ಲಿ ಕಾಂಗ್ರೆಸ್ ಸೇರಿದ್ದ ಬೇಳೂರು ಗೋಪಾಲಕೃಷ್ಣರೂ ಇದ್ದರು. 2020ರಲ್ಲಿ ಕೃಷಿಕರಲ್ಲದವರ ಭೂಮಿ ಖರೀದಿಗಿದ್ದ 79ಎ ಮತ್ತು 79ಬಿ ಕಲಮುಗಳ ನಿರ್ಬಂಧವನ್ನು ಸರ್ಕಾರ ತೆಗೆದುಹಾಕಿದಾಗ, ‘ಉಳುವವನೇ ಹೊಲದೊಡೆಯ’ ಎಂಬ ಕೂಗು ಎದ್ದ ಈ ಕ್ಷೇತ್ರದ ಪ್ರತಿನಿಧಿ ಆಳುವ ಪಕ್ಷದವರೇ ಆಗಿದ್ದರು.

2023ರಲ್ಲಿ ಹಾಲಪ್ಪನವರನ್ನು ಸೋಲಿಸಿ ಗೋಪಾಲಕೃಷ್ಣರು ಕಾಂಗ್ರೆಸ್ಸಿನಿಂದ ಗೆದ್ದರು. ಎರಡು ವರ್ಷಗಳ ನಂತರ, 2025ರ ಜುಲೈನಲ್ಲಿ, ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದ ತುಮರಿ ಭಾಗದ ಜನ ಈಗ ರಸ್ತೆಯಲ್ಲೇ ಸಾಗರಕ್ಕೆ ಬರುತ್ತಾರೆ. ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಅರ್ಜಿಗಳು ಇನ್ನೂ ಇತ್ಯರ್ಥವಾಗಿಲ್ಲ.