ಮೊದಲ ಮಾತು ಹೇಳುವವರಾರು?

ಬೀಜ ಮೊದಲೋ ಮರ ಮೊದಲೋ ಎಂಬ ಪ್ರಶ್ನೆ ನಮ್ಮ ತಾರ್ಕಿಕರನ್ನು ಬಹುಕಾಲ ಕಾಡಿತು. ಗಣಕಯಂತ್ರ ಕಟ್ಟಿದವರಿಗೂ ಅದು ತಪ್ಪಲಿಲ್ಲವೆಂದರೆ ವಾಚಕರಿಗೆ ಸೋಜಿಗವೆನಿಸಬಹುದು. ಯಂತ್ರ ಯಾವ ಕೆಲಸ ಮಾಡಬೇಕಾದರೂ ಆಜ್ಞೆಗಳು ಅದರ ನೆನಪಿನಲ್ಲಿರಬೇಕು. ಆಜ್ಞೆಗಳನ್ನು ಹೊರಗಿನಿಂದ ಓದಿಕೊಳ್ಳುವುದೂ ಒಂದು ಕೆಲಸವೇ. ಅದಕ್ಕೂ ಆಜ್ಞೆ ಬೇಕು. ಹಾಗಾದರೆ ಮೊಟ್ಟಮೊದಲ ಆಜ್ಞೆಯನ್ನು ಓದಿಸುವವರು ಯಾರು? ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವವನ ಸಾಹಸವನ್ನು ನೆನೆದು ಈ ಕ್ರಿಯೆಗೆ ‘ಬೂಟ್’ ಎಂಬ ಹೆಸರು ಬಂತು.

1949ರ ಮೇ 6ರಂದು ಕೇಂಬ್ರಿಜ್ಜಿನಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಸಂಗಡಿಗರ ‘ಎಡ್‌ಸ್ಯಾಕ್’ ತನ್ನ ಮೊದಲ ಲೆಕ್ಕ ಮಾಡಿತು. ಅದಕ್ಕಾಗಿ ಡೇವಿಡ್ ವೀಲರ್ ಅವರು 31 ಆಜ್ಞೆಗಳ ಪುಟ್ಟ ಕಟ್ಟೊಂದನ್ನು ಬರೆದಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಳಸುವಂಥ ಸ್ವಿಚ್ಚುಗಳಲ್ಲಿ ಅದನ್ನು ತಂತಿಯಿಂದ ಹೆಣೆದಿಟ್ಟಿದ್ದರು. ಗುಂಡಿ ಒತ್ತಿದೊಡನೆ ಆ 31 ಆಜ್ಞೆಗಳು ನೆನಪಿಗಿಳಿದು, ಕಾಗದದ ಪಟ್ಟಿಯಿಂದ ಉಳಿದುದನ್ನು ಓದಿಕೊಳ್ಳುತ್ತಿದ್ದವು.

1975ರ ‘ಆಲ್ಟೇರ್’ ಯಂತ್ರಕ್ಕೆ ಅಷ್ಟು ಭಾಗ್ಯವೂ ಇರಲಿಲ್ಲ. ಕರೆಂಟು ಹಾಕಿದಾಗಲೆಲ್ಲ ಮೊದಲ ಆಜ್ಞೆಗಳನ್ನು ಮುಂಭಾಗದ ಸ್ವಿಚ್ಚುಗಳಿಂದ ಕೈಯಾರೆ ತುಂಬಬೇಕಾಗಿತ್ತು. ಅದಕ್ಕೆ ಬೇಸಿಕ್ ಭಾಷೆಯನ್ನು ತೋರಿಸಹೊರಟ ಪಾಲ್ ಆಲನ್ ಈ ಮೊದಲ ಆಜ್ಞೆಗಳನ್ನು ವಿಮಾನದಲ್ಲಿ ಕುಳಿತೇ ಬರೆದರು. 1981ರ ಆಗಸ್ಟ್ 12ರಂದು ಪ್ರಕಟವಾದ ಐಬಿಎಂ ಪಿಸಿಯಲ್ಲಿ ಆ ಆಜ್ಞೆಗಳು ಅಳಿಸಲಾರದ ಚಿಪ್ಪಿನಲ್ಲಿ ನೆಲೆಸಿದವು. ಯಂತ್ರ ತನ್ನ ಅಂಗಾಂಗಗಳನ್ನು ತಾನೇ ತಪಾಸಣೆ ಮಾಡಿ, ಎಲ್ಲ ಸರಿಯಿದ್ದರೆ ಒಮ್ಮೆ ‘ಬೀಪ್’ ಎನ್ನುವುದು. 1984ರ ಪಿಸಿ ಎಟಿಯಲ್ಲಿ, ಯಜಮಾನ ಇಟ್ಟ ಏರ್ಪಾಡುಗಳನ್ನೂ ಗಡಿಯಾರವನ್ನೂ ಕರೆಂಟಿಲ್ಲದಾಗ ಕಾಯಲು ಒಂದು ಬ್ಯಾಟರಿ ಬಂತು.

ಈ ಚರಿತ್ರೆ ಕೇವಲ ಕುತೂಹಲದ್ದಲ್ಲವೆಂದು ನನಗೆ ಮನದಟ್ಟು ಮಾಡಿದವರು ನಮ್ಮ ಬೀದಿಯ ನಿವೃತ್ತ ಮೇಷ್ಟರು. ಹಳ್ಳಿಹಳ್ಳಿ ತಿರುಗಿ ಅವರು ಕೂಡಿಸಿದ ಹಾಡುಗಳು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿದ್ದವು. ಹಾಡಿದ ಅಜ್ಜಿಯರಲ್ಲಿ ಹಲವರು ಈಗಿಲ್ಲ. ಆ ಯಂತ್ರವೋ ಒಂದು ದಿನ ಏಳುವುದು, ಇನ್ನೊಂದು ದಿನ ಏಳದು. ರಿಪೇರಿ ಅಂಗಡಿಯಲ್ಲಿ ಎದ್ದದ್ದು ಮನೆಗೆ ಬರುವಷ್ಟರಲ್ಲಿ ಮತ್ತೆ ಮಲಗಿತು. “ಇದೇನಪ್ಪಾ, ಅಂಗಡಿಯವರ ಮಾತು ಮಾತ್ರ ಕೇಳುತ್ತದಲ್ಲ!” ಎಂದರು ಮೇಷ್ಟರು.

ಯಂತ್ರ ಏಳುವ ಕ್ರಮವೇ ರೋಗ ಹುಡುಕುವ ಕ್ರಮವೂ ಹೌದು. ದೀಪವೇ ಹತ್ತದಿದ್ದರೆ ಮೊದಲು ವಿದ್ಯುತ್ತನ್ನು ಶಂಕಿಸಬೇಕು. ದೀಪ ಹತ್ತಿಯೂ ಪರದೆ ಕಪ್ಪಾಗಿದ್ದರೆ ನೆನಪಿನ ಹಲಗೆಗಳನ್ನು ಒಂದೊಂದಾಗಿ ತೆಗೆದು ಹಾಕಿ ನೋಡಬೇಕು. ಇಲ್ಲಿ ಪರದೆ ಬೆಳಗುತ್ತಿತ್ತು. ಆದರೆ ಡಿಸ್ಕು ಸಿಗಲಿಲ್ಲವೆಂಬ ದೂರು. ತಾರೀಖು ನೋಡಿದೆ: ಎಷ್ಟೋ ವರ್ಷ ಹಿಂದಿನದು! ಅಲ್ಲಿಗೆ ಗುಟ್ಟು ತಿಳಿಯಿತು. ದೊಡ್ಡ ಬ್ಯಾಟರಿ ಸತ್ತು ಬಹುಕಾಲವಾಗಿತ್ತು; ಒಳಗಿನ ನಾಣ್ಯದಂಥ ಪುಟ್ಟ ಬ್ಯಾಟರಿಯೂ ಬರಿದಾಗಿತ್ತು. ಗೋಡೆಯ ಕರೆಂಟು ಇರುವವರೆಗೆ ಏರ್ಪಾಡುಗಳು ನೆನಪಿರುತ್ತಿದ್ದವು. ತಂತಿ ಕಿತ್ತು ಅಂಗಡಿಯಿಂದ ಮನೆಗೆ ತಂದರಾಗಲಿ, ರಾತ್ರಿ ಕರೆಂಟು ಹೋದರಾಗಲಿ, ಡಿಸ್ಕನ್ನು ಯಾವ ಬಗೆಯಲ್ಲಿ ಓದಬೇಕೆಂಬುದನ್ನೇ ಯಂತ್ರ ಮರೆಯುತ್ತಿತ್ತು. ಮೊಮ್ಮಗ ಬಂದು ಸರಿಮಾಡಿದರೆ ಮುಂದಿನ ಕತ್ತಲೆಯವರೆಗೆ ಮತ್ತೆ ನಡೆಯುತ್ತಿತ್ತು. ಮೂರು ವೋಲ್ಟಿನ ಹೊಸ ನಾಣ್ಯ ಬಿದ್ದು, ಏರ್ಪಾಡುಗಳನ್ನು ಇನ್ನೊಮ್ಮೆ ತಿದ್ದಿಟ್ಟ ಮೇಲೆ ಲ್ಯಾಪ್‌ಟಾಪ್ ದಿನವೂ ಏಳತೊಡಗಿತು. ನಾವು ಮೊದಲು ಮಾಡಿದ ಕೆಲಸ ಹಾಡುಗಳನ್ನು ಬೇರೆರಡು ಕಡೆ ನಕಲು ಮಾಡಿದ್ದು.

ಹಾಡುಗಳು ಡಿಸ್ಕಿನಲ್ಲಿ ಕ್ಷೇಮವಾಗಿಯೇ ಇದ್ದವು. ಅವುಗಳ ದಾರಿ ಮಾತ್ರ ಮರೆತಿತ್ತು. ದೊಡ್ಡ ನೆನಪನ್ನು ಎಬ್ಬಿಸಲು ಒಂದು ಸಣ್ಣ ನೆನಪು ಬೇಕೆಂಬುದು ವೀಲರ್ ಅವರ ಕಾಲದ ಪಾಠ. ಅಂದು ತಂತಿಯಲ್ಲಿ ಹೆಣೆದದ್ದು ಇಂದು ಚಿಪ್ಪಿನೊಳಗೆ ಅಡಗಿದೆ. ಯಂತ್ರ ತಾನಾಗಿಯೇ ಎದ್ದಿತೆಂದು ನಾವು ಹೇಳುತ್ತೇವೆ. ನಿಜವಾಗಿ, ಯಾರೋ ಎಂದೋ ಅದಕ್ಕೆ ಮೊದಲ ಮಾತನ್ನು ಹೇಳಿಕೊಟ್ಟಿರುತ್ತಾರೆ.