ಕಾರ್ಖಾನೆಯ ಅಟ್ಟ ಕುಬೇರರ ಮನೆಯಾದ ಕಥೆ

ಅಟ್ಟ ಎಂದರೆ ನಮ್ಮಲ್ಲಿ ಹಳೆಯ ಪಾತ್ರೆ, ಮುರುಕು ಸಾಮಾನು ತುಂಬಿಡುವ ಜಾಗ. ನ್ಯೂಯಾರ್ಕಿನಲ್ಲಿ ಅದೇ ಅರ್ಥದ 'ಲಾಫ್ಟ್' ಎಂಬ ಪದ ಕಾರ್ಖಾನೆ ಕಟ್ಟಡದ ಇಡೀ ಮಹಡಿಯನ್ನು ಸೂಚಿಸುತ್ತದೆ. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಇಂಥ ಮಹಡಿಗಳು ಇಂದು ಸಿರಿವಂತರ ವಾಸದ ಮನೆಗಳು.

ಮ್ಯಾನ್‌ಹಟನ್ನಿನ ಸೋಹೊ ಬಡಾವಣೆಯೇ ಇದಕ್ಕೆ ಪ್ರಸಿದ್ಧ ನಿದರ್ಶನ. 19ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಎರಕದ ಕಬ್ಬಿಣದ ಮುಂಭಾಗವುಳ್ಳ ಮಳಿಗೆ, ಗೋದಾಮುಗಳು ತಲೆಯೆತ್ತಿದವು. ಅಚ್ಚಿನಲ್ಲಿ ಎರೆದ ಕಂಬ, ಕಮಾನುಗಳನ್ನು ತಂದು ಜೋಡಿಸುತ್ತಿದ್ದರು. ಕಬ್ಬಿಣದ ಕಂಬ ತೆಳುವಾದ್ದರಿಂದ ಕಿಟಕಿಗಳು ವಿಶಾಲ, ಬೆಳಕು ಧಾರಾಳ. ವಿದ್ಯುದ್ದೀಪ ಬರುವ ಮೊದಲು ಕೆಲಸಗಾರರಿಗೆ ಅದು ದೊಡ್ಡ ಅನುಕೂಲವಾಗಿತ್ತು.

ಎರಡನೇ ಮಹಾಯುದ್ಧದ ನಂತರ ಉದ್ದಿಮೆಗಳು ಒಂದೊಂದಾಗಿ ಬೇರೆಡೆ ಹೋದವು. ಖಾಲಿ ಬಿದ್ದ ಮಹಡಿಗಳಿಗೆ ಕಲಾವಿದರು ಬಂದರು. ದೊಡ್ಡ ಕ್ಯಾನ್ವಾಸಿಗೆ ಬೇಕಾದ ಜಾಗ, ಬೆಳಕು ಎರಡೂ ಅಲ್ಲಿದ್ದವು, ಬಾಡಿಗೆಯೂ ಕಡಿಮೆ. ಆದರೆ ಅದು ಕೈಗಾರಿಕಾ ವಲಯ, ವಾಸ ಕಾನೂನುಬಾಹಿರ. ಕಲಾವಿದರು ಹೋರಾಡಿದ್ದರಿಂದ 1961ರಲ್ಲಿ ನಗರಾಡಳಿತ ಸೀಮಿತ ಅವಕಾಶ ನೀಡಿತು. ಬೆಂಕಿ ಬಿದ್ದರೆ ಒಳಗೆ ಜನರಿದ್ದಾರೆಂದು ಅಗ್ನಿಶಾಮಕ ಸಿಬ್ಬಂದಿಗೆ ತಿಳಿಯಲು ಬಾಗಿಲ ಬಳಿ ಫಲಕ ಹಾಕಬೇಕಿತ್ತು.

ಇನ್ನೊಂದು ಗಂಡಾಂತರವೂ ಕಾದಿತ್ತು. ರಾಬರ್ಟ್ ಮೋಸಸ್ ರೂಪಿಸಿದ್ದ ಹೆದ್ದಾರಿ ಯೋಜನೆ ಈ ಬಡಾವಣೆಯನ್ನೇ ಸೀಳಿಕೊಂಡು ಹೋಗುವುದಿತ್ತು. ಜೇನ್ ಜೇಕಬ್ಸ್ ಹಾಗೂ ಸ್ಥಳೀಯರ ವಿರೋಧದಿಂದ 1969ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1971ರಲ್ಲಿ ನಗರಾಡಳಿತದ ಪ್ರಮಾಣಪತ್ರ ಪಡೆದ ಕಲಾವಿದರ ವಾಸಕ್ಕೆ ಕಾನೂನಿನ ಮನ್ನಣೆ ಸಿಕ್ಕಿತು. 1973ರಲ್ಲಿ ಸೋಹೊ ಐತಿಹಾಸಿಕ ಪ್ರದೇಶವೆಂದು ಘೋಷಿತವಾಯಿತು.

ಕಟ್ಟಡಗಳು ಉಳಿದವು. ಆದರೆ ಕಲಾವಿದರ ಹಿಂದೆಯೇ ಕಲಾ ಗ್ಯಾಲರಿಗಳು ಬಂದವು, ಗ್ಯಾಲರಿಗಳ ಹಿಂದೆ ಹಣವಂತರು. ಶಿಲ್ಪಿ ಡೊನಾಲ್ಡ್ ಜಡ್ 1968ರಲ್ಲಿ ಸ್ಪ್ರಿಂಗ್ ಬೀದಿಯ ಐದಂತಸ್ತಿನ ಕಟ್ಟಡವನ್ನು ಕೊಂಡದ್ದು 68 ಸಾವಿರ ಡಾಲರಿಗೆ. ಇಂದು ಅದರ ಹಲವು ಪಟ್ಟು ಹಣ ಕೊಟ್ಟರೂ ಅಲ್ಲಿ ಒಂದು ಮಹಡಿ ದೊರೆಯದು. ಬಾಡಿಗೆದಾರರ ರಕ್ಷಣೆಗೆ 1982ರಲ್ಲಿ 'ಲಾಫ್ಟ್ ಕಾಯಿದೆ' ಬಂದಿತಾದರೂ ಬೆಲೆಯ ಓಟ ನಿಲ್ಲಲಿಲ್ಲ. ಕಲಾವಿದರಿಗೆಂದೇ ಮೀಸಲಾದ ಮಹಡಿಗಳಿಗೂ ಕಲೆಯ ಗಂಧವಿಲ್ಲದವರು ಬಂದು ನೆಲೆಸಿದರು. 1990ರ ದಶಕದಲ್ಲಿ ಗ್ಯಾಲರಿಗಳೂ ಚೆಲ್ಸಿಯತ್ತ ಗುಳೆ ಹೊರಟವು.

ಐತಿಹಾಸಿಕ ಪ್ರದೇಶವೆಂಬ ಘೋಷಣೆ ಕಬ್ಬಿಣದ ಕಂಬಗಳನ್ನು ಕಾಯಿತು. ಆ ಕಂಬಗಳ ನಡುವೆ ಬದುಕು ಕಟ್ಟಿದವರನ್ನು ಕಾಯುವ ಶಕ್ತಿ ಅದಕ್ಕಿರಲಿಲ್ಲ. ಹಳೆಯ ಕಟ್ಟಡ ಉಳಿಸಲು ಹೊರಡುವ ಯಾವುದೇ ನಗರ ಸೋಹೊದಿಂದ ಕಲಿಯಬೇಕಾದ ಪಾಠವಿದು.